ಮಸ್ಟ್: ಹೌದು ಅನ್ನುವಾಗ ಸಲೀಸು, ಇಲ್ಲ ಅನ್ನುವಾಗ ಎಡವಟ್ಟು

ಕನ್ನಡದಲ್ಲಿ ‘ಬೇಕು’ ಒಂದಿದ್ದರೆ ಸಾಕು. ಕಾಫಿ ಬೇಕು, ನಾಳೆ ಮಡಿಕೇರಿಗೆ ಹೋಗಬೇಕು, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ತೊಳೆಯಬೇಕು, ಅವರು ಮನೆಯಲ್ಲೇ ಇರಬೇಕು, ಬಸ್ ಇನ್ನೇನು ಬರಬೇಕು. ಎಲ್ಲಕ್ಕೂ ಅದೇ. ಇಂಗ್ಲಿಷಿಗೆ ದಾಟಿದ ಕೂಡಲೇ ಈ ಐದು ಬೇಕುಗಳು ಐದು ದಾರಿ ಹಿಡಿಯುತ್ತವೆ. ಮೊದಲನೆಯದು ‘ವಾಂಟ್’, ಎರಡನೆಯದು ‘ಹ್ಯಾವ್ ಟು’, ಮೂರನೆಯದು ‘ನೀಡ್’, ನಾಲ್ಕನೆಯದು ‘ಮಸ್ಟ್’, ಐದನೆಯದು ‘ಶುಡ್’. ಶಾಲೆಯಲ್ಲಿ ‘ಮಸ್ಟ್ ಅಂದರೆ ಬೇಕು’ ಎಂದಷ್ಟೇ ಕಲಿತವರು ಐದಕ್ಕೂ ಮಸ್ಟ್ ಹಾಕಿಬಿಡುತ್ತಾರೆ. ಹೌದು ಅನ್ನುವ ವಾಕ್ಯದಲ್ಲಿ ಅದರಿಂದ ದೊಡ್ಡ ನಷ್ಟವಿಲ್ಲ, ಮಾತು ಸ್ವಲ್ಪ ಒರಟಾಗುತ್ತದೆ ಅಷ್ಟೆ. ಇಲ್ಲ ಅನ್ನುವಾಗ ಮತ್ತು ಆಗಿಹೋದದ್ದನ್ನು ಹೇಳುವಾಗ ಮಾತ್ರ ಅರ್ಥವೇ ಉಲ್ಟಾ ಹೊಡೆಯುತ್ತದೆ. ಹೋಂಸ್ಟೇ ನಡೆಸುವವರು, ತೋಟದ ಲೆಕ್ಕ ಬರೆಯುವ ರೈಟರ್‌ಗಳು, ಕಾಫಿ ಖರೀದಿದಾರರಿಗೆ ಮೇಲ್ ಬರೆಯುವವರು, ಇಂಟರ್‌ವ್ಯೂಗೆ ತಯಾರಾಗುತ್ತಿರುವವರು ಇವರೆಲ್ಲರಿಗೂ ದಿನಾ ಬೇಕಾಗುವ ವಿಷಯ ಇದು.

ಮೊದಲು ಮಸ್ಟ್‌ನ ಕಟ್ಟುಪಾಡು. ಅದರ ಮುಂದೆ ‘ಟು’ ಬರುವುದಿಲ್ಲ: ‘ಐ ಮಸ್ಟ್ ಗೋ’ ಸರಿ, ‘ಐ ಮಸ್ಟ್ ಟು ಗೋ’ ತಪ್ಪು. ಅವನು, ಅವಳು ಎಂದು ಎಸ್ ಹತ್ತುವುದಿಲ್ಲ: ‘ಹಿ ಮಸ್ಟ್ಸ್’ ಎಂಬುದೇ ಇಲ್ಲ. ಪ್ರಶ್ನೆಗೆ ‘ಡು’ ಸಹಾಯ ಬೇಡ. ಮುಂದೆ ಬರುವ ಕ್ರಿಯಾಪದ ಮೂಲರೂಪದಲ್ಲೇ ಇರಬೇಕು, ‘ಮಸ್ಟ್ ವೆಂಟ್’ ಆಗುವುದಿಲ್ಲ. ಇನ್ನೊಂದು ಮೋಡಲ್ (ವಿಲ್, ಕ್ಯಾನ್, ಶುಡ್ ಥರದ ಸಹಾಯಕ ಕ್ರಿಯಾಪದ) ಪಕ್ಕದಲ್ಲಿ ಅದು ಕೂರುವುದಿಲ್ಲ, ಹಾಗಾಗಿ ‘ವಿಲ್ ಮಸ್ಟ್’ ಇಲ್ಲ. ‘ಹೋಗಬೇಕಾಗುತ್ತದೆ’ ಅನ್ನಲು ‘ವಿಲ್ ಹ್ಯಾವ್ ಟು ಗೋ’ ಅನ್ನಬೇಕು. ನಮ್ಮ ಕಡೆಯ ನೋಟಿಸುಗಳಲ್ಲಿ ‘ಮಸ್ಟ್ ಹ್ಯಾವ್ ಟು ಸೈನ್’, ‘ಕಂಪಲ್ಸರಿ ಮಸ್ಟ್’ ಎಂದೆಲ್ಲ ಕಾಣುತ್ತದೆ. ಒತ್ತು ಹೆಚ್ಚಲಿ ಎಂದು ಎರಡೆರಡು ಸೇರಿಸಿದ್ದು. ಒತ್ತೇನೂ ಹೆಚ್ಚುವುದಿಲ್ಲ, ಒಂದನ್ನು ತೆಗೆದುಬಿಡಿ.

ಮಸ್ಟ್‌ಗೆ ಭೂತಕಾಲವೂ ಇಲ್ಲ. ಅದಕ್ಕೆ ಕಾರಣ ಸ್ವಾರಸ್ಯಕರವಾಗಿದೆ: ಅದು ತಾನೇ ಒಂದು ಕಾಲದಲ್ಲಿ ಭೂತಕಾಲದ ರೂಪವಾಗಿತ್ತು. ಹಳೆಯ ಇಂಗ್ಲಿಷಿನಲ್ಲಿ ‘ಮೋಟನ್’ ಎಂಬ ಕ್ರಿಯಾಪದವಿತ್ತು. ‘ಅನುಮತಿ ಇದೆ’, ‘ಮಾಡಬಹುದು’ ಎಂಬುದು ಅದರ ಅರ್ಥ. ಅದರ ಭೂತಕಾಲ ‘ಮೋಸ್ಟೆ’. ಶತಮಾನಗಳಲ್ಲಿ ‘ಮಾಡಬಹುದು’ ಎಂಬ ಅರ್ಥ ‘ಮಾಡಬೇಕು’ ಕಡೆಗೆ ಸರಿಯಿತು, ಮೂಲರೂಪ ಬಿದ್ದುಹೋಯಿತು, ಭೂತಕಾಲದ ರೂಪವೊಂದೇ ಉಳಿದು ವರ್ತಮಾನದ ಕೆಲಸಕ್ಕೆ ನಿಂತಿತು. ಆದ್ದರಿಂದ ಹಿಂದಿನದನ್ನು ಹೇಳಲು ಇಂಗ್ಲಿಷ್ ‘ಹ್ಯಾಡ್ ಟು’ ಎಂಬ ಎರವಲು ರೂಪವನ್ನು ಬಳಸುತ್ತದೆ. ಅಂದ ಹಾಗೆ, ದುಬಾರೆ ಶಿಬಿರದ ಆನೆಗಳ ಬಗ್ಗೆ ಇಂಗ್ಲಿಷಿನಲ್ಲಿ ಓದುವವರಿಗೆ ಎದುರಾಗುವ, ಮದವೇರಿದ ಸ್ಥಿತಿಯನ್ನು ಹೇಳುವ ‘ಮಸ್ತ್’ ಬೇರೆಯೇ ಪದ. ಹಳೆಯ ಪುಸ್ತಕಗಳಲ್ಲಿ ಎರಡನ್ನೂ ಒಂದೇ ಸ್ಪೆಲ್ಲಿಂಗಿನಲ್ಲಿ ಬರೆದದ್ದುಂಟು. ಆದರೆ ಆನೆಯ ಮಸ್ತ್ ಬಂದದ್ದು ಪಾರಸಿಯಿಂದ, ನಾವು ‘ಮಸ್ತ್ ಆಗಿದೆ’ ಅನ್ನುವ ಮಸ್ತ್ ಕೂಡ ಅಲ್ಲಿಯದೇ.

ಈಗ ಇಲ್ಲ ಅನ್ನುವ ವಾಕ್ಯಗಳಿಗೆ ಬರೋಣ. ಗಲಿಬಿಲಿ ಹೆಚ್ಚು ಇರುವುದೇ ಇಲ್ಲಿ.

‘ಯು ಮಸ್ಟ್ ನಾಟ್ ಗೋ’ ಅಂದರೆ ಹೋಗಬಾರದು. ‘ಯು ಡೋಂಟ್ ಹ್ಯಾವ್ ಟು ಗೋ’ ಅಂದರೆ ಹೋಗಬೇಕಾಗಿಲ್ಲ, ಬೇಕಿದ್ದರೆ ಹೋಗಬಹುದು. ಮೊದಲನೆಯದು ನಿಷೇಧ, ಎರಡನೆಯದು ವಿನಾಯಿತಿ. ಹೌದು ಅನ್ನುವಾಗ ‘ಮಸ್ಟ್ ಗೋ’, ‘ಹ್ಯಾವ್ ಟು ಗೋ’ ಎರಡೂ ಒಂದೇ ಕಡೆ ನಿಲ್ಲುತ್ತವೆ, ಇಲ್ಲ ಬಂದ ಕೂಡಲೇ ಬೆನ್ನು ತಿರುಗಿಸುತ್ತವೆ. ಯಾಕೆಂದರೆ ‘ನಾಟ್’ ತಾಗುವ ಜಾಗ ಬೇರೆ. ‘ಮಸ್ಟ್ ನಾಟ್ ಗೋ’ ಅನ್ನುವಲ್ಲಿ ಅದು ‘ಗೋ’ಗೆ ತಾಗುತ್ತದೆ: ಹೋಗದೇ ಇರುವುದು ಕಡ್ಡಾಯ. ‘ಡೋಂಟ್ ಹ್ಯಾವ್ ಟು’ ಅನ್ನುವಲ್ಲಿ ಅದು ಕಡ್ಡಾಯಕ್ಕೇ ತಾಗುತ್ತದೆ: ಹೋಗುವುದು ಕಡ್ಡಾಯವಲ್ಲ. ಕನ್ನಡಿಗರಿಗೆ ಇದು ಕಷ್ಟವಾಗಬಾರದು, ಯಾಕೆಂದರೆ ‘ಬಾರದು’ ಮತ್ತು ‘ಬೇಕಾಗಿಲ್ಲ’ ಎಂಬ ಎರಡು ಬೇರೆ ರೂಪಗಳು ನಮ್ಮ ಬಾಯಲ್ಲೇ ಇವೆ. ಇಂಗ್ಲಿಷ್ ವಾಕ್ಯ ಕಟ್ಟುವ ಮೊದಲು ಕನ್ನಡದಲ್ಲಿ ಯಾವುದು ಬರುತ್ತದೆ ಎಂದು ಕೇಳಿಕೊಂಡರೆ ಸಾಕು. ಬಾರದು ಬಂದರೆ ‘ಮಸ್ಟ್ ನಾಟ್’, ಬೇಕಾಗಿಲ್ಲ ಬಂದರೆ ‘ಡೋಂಟ್ ಹ್ಯಾವ್ ಟು’ ಅಥವಾ ‘ಡೋಂಟ್ ನೀಡ್ ಟು’.

ಹಾಗಿದ್ದರೂ ತಪ್ಪಾಗುವುದು ಮೂರನೆಯ ರೂಪದಿಂದ. ಅದು ‘ಬೇಡ’. ಆಡುಮಾತಿನಲ್ಲಿ ಬೇಡ ಎರಡೂ ಕೆಲಸ ಮಾಡುತ್ತದೆ. ‘ಆರು ಗಂಟೆ ಮೇಲೆ ತೋಟದೊಳಗೆ ಹೋಗೋದು ಬೇಡ’ ಅಂದರೆ ಖಡಾಖಂಡಿತವಾಗಿ ಹೋಗಬಾರದು. ‘ತಿಂಡಿಗೆ ಬೇರೆ ದುಡ್ಡು ಕೊಡೋದು ಬೇಡ’ ಅಂದರೆ ಕೊಡಬೇಕಾಗಿಲ್ಲ. ನಮಗೆ ಸಂದರ್ಭದಿಂದ ತಿಳಿಯುತ್ತದೆ. ಇಂಗ್ಲಿಷಿಗೆ ತಂದಾಗ ಎರಡನ್ನೂ ‘ನೋ ನೀಡ್’ ಅನ್ನುವುದು ರೂಢಿ. ಸಿದ್ದಾಪುರದ ಕಡೆಯ ಹೋಂಸ್ಟೇಯಲ್ಲಿ ಅತಿಥಿಗೆ ‘ನೋ ನೀಡ್ ಟು ಗೋ ಇನ್ಸೈಡ್ ದ ಎಸ್ಟೇಟ್ ಆಫ್ಟರ್ ಸಿಕ್ಸ್’ ಅಂದರೆ ಅವರ ಕಿವಿಗೆ ಬೀಳುವುದು ‘ಹೋಗುವ ಅಗತ್ಯವೇನಿಲ್ಲ, ನಿಮ್ಮಿಷ್ಟ’ ಎಂದು. ಕತ್ತಲಾದ ಮೇಲೆ ಆನೆ ಓಡಾಡುವ ತೋಟದಲ್ಲಿ ಇದು ಬರೀ ವ್ಯಾಕರಣದ ಪ್ರಶ್ನೆಯಲ್ಲ. ಹೇಳಬೇಕಾದದ್ದು: ‘ಯು ಮಸ್ಟ್ ನಾಟ್ ವಾಕ್ ಇನ್ ದ ಎಸ್ಟೇಟ್ ಆಫ್ಟರ್ ಸಿಕ್ಸ್. ದೇರ್ ಆರ್ ಎಲಿಫೆಂಟ್ಸ್.’ ಕಾರಣವನ್ನೂ ಕೂಡಿಸಿ ಹೇಳಿದರೆ ಒರಟುತನ ತಾನಾಗಿ ಕರಗುತ್ತದೆ. ತಿಂಡಿಯ ವಿಷಯದಲ್ಲಿ ಇದಕ್ಕೆ ವಿರುದ್ಧ ತಪ್ಪಾಗುತ್ತದೆ. ‘ಯು ಮಸ್ಟ್ ನಾಟ್ ಪೇ ಫಾರ್ ಬ್ರೇಕ್‌ಫಾಸ್ಟ್’ ಅಂದರೆ ದುಡ್ಡು ಕೊಟ್ಟರೆ ಏನೋ ಅಪರಾಧ ಎಂಬ ಧ್ವನಿ. ಅಲ್ಲಿ ‘ಯು ಡೋಂಟ್ ಹ್ಯಾವ್ ಟು ಪೇ’ ಅನ್ನಬೇಕು.

ಮನೆಯಲ್ಲಿ ಮಲಯಾಳಂ ಆಡುವವರಿಗೆ ‘ವೇಂಡ’, ತುಳು ಆಡುವವರಿಗೆ ‘ಬೊಡ್ಚಿ’ ಇರುವುದರಿಂದ ಈ ಬೇಡದ ಸೆಳೆತ ಅವರಿಗೂ ಇದ್ದದ್ದೇ. ಬೇಡ ಬಾಯಿಗೆ ಬಂದಾಗಲೆಲ್ಲ ಅದನ್ನು ಒಮ್ಮೆ ಬಾರದು ಅಥವಾ ಬೇಕಾಗಿಲ್ಲಕ್ಕೆ ಬದಲಾಯಿಸಿ ನೋಡುವ ಅಭ್ಯಾಸ ಒಳ್ಳೆಯದು.

ಪ್ರಶ್ನೆಗೆ ಉತ್ತರ ಕೊಡುವಾಗಲೂ ಇದೇ ಸೂತ್ರ. ‘ಮಸ್ಟ್ ಐ ಕಮ್ ಟುಮಾರೋ’ ಎಂದು ಯಾರಾದರೂ ಕೇಳಿದರೆ ಹೌದು ಅನ್ನಲು ‘ಯೆಸ್, ಯು ಮಸ್ಟ್’. ಇಲ್ಲ ಅನ್ನಲು ‘ನೋ, ಯು ಮಸ್ಟಂಟ್’ ಅಲ್ಲ, ‘ನೋ, ಯು ನೀಡಂಟ್’ ಅಥವಾ ‘ನೋ, ಯು ಡೋಂಟ್ ಹ್ಯಾವ್ ಟು’. ಪರೀಕ್ಷೆಗಳಲ್ಲಿ ಇದನ್ನು ಕೇಳುವುದುಂಟು. ಮಾತಿನಲ್ಲಿ ‘ಮಸ್ಟ್ ಯು’ ಎಂದು ಪ್ರಶ್ನೆ ಶುರುಮಾಡುವುದನ್ನು ಬಿಟ್ಟುಬಿಡುವುದೇ ಕ್ಷೇಮ. ‘ಮಸ್ಟ್ ಯು ಸ್ಮೋಕ್ ಹಿಯರ್’ ಅಂದರೆ ‘ಇಲ್ಲೇ ಸೇದಬೇಕಾ ನೀವು’ ಎಂಬ ಸಿಡುಕು ಅದರಲ್ಲಿದೆ. ವಿಷಯ ತಿಳಿಯಲು ಕೇಳುವುದಾದರೆ ‘ಡು ಯು ಹ್ಯಾವ್ ಟು’.

ಇಲ್ಲಿಯವರೆಗೆ ನೋಡಿದ್ದು ಮಸ್ಟ್‌ನ ಮೊದಲ ಕೆಲಸ, ಕಡ್ಡಾಯ. ಅದರ ಎರಡನೆಯ ಕೆಲಸ ಊಹೆ. ಈ ವಿಷಯದಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಎಷ್ಟು ಹೊಂದಿಕೆ ಎಂದರೆ ಕಲಿಸುವ ಅಗತ್ಯವೇ ಬೀಳುವುದಿಲ್ಲ. ನಾಪೋಕ್ಲು ಹತ್ತಿರ ಹೊಳೆ ಕೆಂಪಾಗಿ ಏರಿದ್ದನ್ನು ಕಂಡು ‘ತಲಕಾವೇರಿ ಕಡೆ ಜೋರು ಮಳೆ ಬಂದಿರಬೇಕು’ ಅನ್ನುತ್ತೇವೆ. ಕಣ್ಣಾರೆ ಕಂಡದ್ದಲ್ಲ, ಕಂಡ ಗುರುತಿನಿಂದ ಕಟ್ಟಿದ ತೀರ್ಮಾನ. ಇಂಗ್ಲಿಷಿನಲ್ಲಿ ‘ಇಟ್ ಮಸ್ಟ್ ಹ್ಯಾವ್ ರೇನ್ಡ್ ಹಾರ್ಡ್ ನಿಯರ್ ತಲಕಾವೇರಿ’. ಈಗಿನ ಸ್ಥಿತಿಯಾದರೆ ‘ಮಸ್ಟ್ ಬಿ’: ‘ದ ರೋಡ್ ಮಸ್ಟ್ ಬಿ ಅಂಡರ್ ವಾಟರ್’, ರಸ್ತೆ ನೀರಿನಲ್ಲಿ ಮುಳುಗಿರಬೇಕು. ನಡೆಯುತ್ತಿರುವುದಾದರೆ ‘ಮಸ್ಟ್ ಬಿ’ ಮುಂದೆ ಐಎನ್‌ಜಿ ರೂಪ. ಇಂದಿನ ಸಹಜ ಸಂಭಾಷಣೆಯಲ್ಲಿ ಮಸ್ಟ್ ಹೆಚ್ಚಾಗಿ ಬರುವುದು ಅಪ್ಪಣೆಗಲ್ಲ, ಈ ಊಹೆಯ ಕೆಲಸಕ್ಕೆ.

ಊಹೆಯ ಇಲ್ಲ ಮಾತ್ರ ಮಸ್ಟ್‌ನ ಕೈಯಲ್ಲಿಲ್ಲ. ‘ಅವರು ಮನೆಯಲ್ಲಿ ಇರಲು ಸಾಧ್ಯವೇ ಇಲ್ಲ, ಜೀಪ್ ಕಾಣುತ್ತಿಲ್ಲ’ ಅನ್ನಲು ಬ್ರಿಟಿಷರು ‘ಹಿ ಕಾಂಟ್ ಬಿ ಅಟ್ ಹೋಮ್’ ಅನ್ನುತ್ತಾರೆ. ‘ಹಿ ಮಸ್ಟಂಟ್ ಬಿ ಅಟ್ ಹೋಮ್’ ಅಂದರೆ ಅವನು ಮನೆಯಲ್ಲಿ ಇರಕೂಡದು ಎಂಬ ಆಜ್ಞೆಯಂತೆ ಕೇಳಿಸುತ್ತದೆ. ಅಮೆರಿಕನ್ನರಲ್ಲಿ ‘ಹಿ ಮಸ್ಟ್ ನಾಟ್ ಹ್ಯಾವ್ ಹರ್ಡ್’ ಎಂದು ಊಹೆಗೂ ಬಳಸುವುದಿದೆ, ಅವನಿಗೆ ಕೇಳಿಸಿಲ್ಲದಿರಬೇಕು ಎಂಬ ಅರ್ಥದಲ್ಲಿ. ಅವರೂ ಆಗ ‘ಮಸ್ಟ್’, ‘ನಾಟ್’ ಎರಡನ್ನೂ ಬಿಡಿಸಿ ಹೇಳುತ್ತಾರೆ, ಕುಗ್ಗಿಸುವುದಿಲ್ಲ. ನಮ್ಮ ‘ಇರಲಿಕ್ಕಿಲ್ಲ’ ಇದಕ್ಕಿಂತ ಮೆತ್ತಗಿನದು. ಅದಕ್ಕೆ ‘ಪ್ರಾಬಬ್ಲಿ ಈಸಂಟ್’ ಸರಿಯಾದ ತೂಕ.

ಈಗ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿಯಾದ ತಪ್ಪು. ‘ನೀವು ಮೊದಲೇ ಹೇಳಬೇಕಿತ್ತು’ ಎಂಬ ಆಕ್ಷೇಪವನ್ನು ‘ಯು ಮಸ್ಟ್ ಹ್ಯಾವ್ ಟೋಲ್ಡ್ ಮಿ ಬಿಫೋರ್’ ಎಂದು ಹೇಳುವುದು. ಇಂಗ್ಲಿಷಿನವರಿಗೆ ಅದರ ಅರ್ಥ ‘ನೀವು ಮೊದಲೇ ನನಗೆ ಹೇಳಿರಬೇಕು, ನಾನೇ ಮರೆತೆನೇನೋ’. ತಪ್ಪು ಅವರದು ಎಂದು ಹೇಳಲು ಹೊರಟು ತಪ್ಪನ್ನು ನಮ್ಮ ತಲೆಗೇ ಕಟ್ಟಿಕೊಂಡ ಹಾಗೆ. ಖರೀದಿದಾರ ಲಾರಿ ಕಳಿಸುವುದು ತಡವಾಯಿತು ಎಂದು ಮೇಲ್ ಬರೆಯುವಾಗ ‘ಯು ಮಸ್ಟ್ ಹ್ಯಾವ್ ಇನ್‌ಫಾರ್ಮ್ಡ್ ಅಸ್’ ಎಂದು ಬರೆದರೆ, ಅವರು ತಿಳಿಸಿದ್ದಾರೆಂದು ನೀವೇ ಒಪ್ಪಿದಂತೆ ಓದಬಹುದು. ಬೇಕಾದದ್ದು ‘ಯು ಶುಡ್ ಹ್ಯಾವ್ ಇನ್‌ಫಾರ್ಮ್ಡ್ ಅಸ್’.

ಇದನ್ನು ಬಿಡಿಸಿಕೊಳ್ಳಲು ಕನ್ನಡದ ಮೂರು ರೂಪಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ‘ಹೋಗಿರಬೇಕು’ ಊಹೆ, ‘ಮಸ್ಟ್ ಹ್ಯಾವ್ ಗಾನ್’. ‘ಹೋಗಬೇಕಾಯಿತು’ ಅಂದರೆ ಬೇರೆ ದಾರಿಯಿರಲಿಲ್ಲ, ಹೋದದ್ದೂ ಆಯಿತು, ‘ಹ್ಯಾಡ್ ಟು ಗೋ’. ‘ಹೋಗಬೇಕಿತ್ತು’ ಅಂದರೆ ಹೋಗುವುದು ಸರಿಯಾಗಿತ್ತು, ಹೋಗಲಿಲ್ಲ, ‘ಶುಡ್ ಹ್ಯಾವ್ ಗಾನ್’. ಹೋಗಬೇಕಿತ್ತು ಎಂಬುದಕ್ಕೆ ಇನ್ನೊಂದು ಮುಖವೂ ಇದೆ: ‘ಬಸ್ ಒಂಬತ್ತಕ್ಕೆ ಬರಬೇಕಿತ್ತು’. ಅದು ಆಕ್ಷೇಪವಲ್ಲ, ವೇಳಾಪಟ್ಟಿಯ ಮಾತು. ಅಲ್ಲಿ ‘ವಾಸ್ ಸಪೋಸ್ಡ್ ಟು ಕಮ್’ ಚೆನ್ನಾಗಿ ಹೊಂದುತ್ತದೆ. ಒಂದು ಸಾಲನ್ನು ಬಾಯಿಪಾಠ ಮಾಡುವುದಾದರೆ ಇದನ್ನು ಮಾಡಿ: ಹಿಂದಿನ ಕಡ್ಡಾಯಕ್ಕೆ ‘ಮಸ್ಟ್ ಹ್ಯಾವ್’ ಬರುವುದಿಲ್ಲ, ಆಗಿಹೋದದ್ದರ ಬಗ್ಗೆ ಅದು ಹೇಳುವುದು ಊಹೆಯನ್ನು.

ನಾಳೆಯ ನಿರೀಕ್ಷೆಗೂ ಮಸ್ಟ್ ಹಾಕಬೇಡಿ. ‘ಈ ವಾರ ಹೂಮಳೆ ಬರಬೇಕು’ ಎಂದು ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಕಾಫಿ ಬೆಳೆಗಾರರು ಆಕಾಶ ನೋಡುತ್ತಾ ಹೇಳುತ್ತಾರೆ. ಹೂಮಳೆ ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ. ಬರುವ ಲಕ್ಷಣವಿದೆ ಎಂಬ ಅರ್ಥವಾದರೆ ‘ಶುಡ್ ಕಮ್ ದಿಸ್ ವೀಕ್’. ಬಾರದಿದ್ದರೆ ಫಸಲು ಹೋಯಿತು ಎಂಬ ಅರ್ಥವಾದರೆ ‘ವಿ ನೀಡ್ ರೈನ್ ದಿಸ್ ವೀಕ್’. ‘ರೈನ್ ಮಸ್ಟ್ ಕಮ್’ ಅಂದರೆ ಮಳೆಗೇ ಅಪ್ಪಣೆ ಕೊಟ್ಟ ಹಾಗಾಗುತ್ತದೆ.

ನೀಡ್ ಎಂಬುದು ಒಂದು ಪದದಲ್ಲಿ ಎರಡು ಕ್ರಿಯಾಪದ. ಒಂದು ಸಾಮಾನ್ಯ ಕ್ರಿಯಾಪದ: ‘ಹಿ ನೀಡ್ಸ್ ಎ ಲ್ಯಾಡರ್’, ‘ಹಿ ನೀಡ್ಸ್ ಟು ಕಮ್’, ‘ಹಿ ಡಸಂಟ್ ನೀಡ್ ಟು ಕಮ್’. ಎಸ್ ಬರುತ್ತದೆ, ಟು ಬರುತ್ತದೆ, ಡಸ್ ಬರುತ್ತದೆ. ಇನ್ನೊಂದು ಮಸ್ಟ್‌ನ ಜಾತಿಯದು, ಇಲ್ಲ ಮತ್ತು ಪ್ರಶ್ನೆಗಳಲ್ಲಿ ಮಾತ್ರ ಕಾಣುವಂಥದ್ದು: ‘ಹಿ ನೀಡಂಟ್ ಕಮ್’. ಎಸ್ ಇಲ್ಲ, ಟು ಇಲ್ಲ, ಡಸ್ ಇಲ್ಲ. ಇವೆರಡನ್ನೂ ಕಲಸಿ ‘ಹಿ ನೀಡಂಟ್ ಟು ಕಮ್’ ಅನ್ನುವುದು ತಪ್ಪು. ಎರಡರಲ್ಲಿ ಒಂದನ್ನೇ ಕಲಿಯುವುದಾದರೆ ಮೊದಲನೆಯದನ್ನು ಕಲಿಯಿರಿ, ಅದು ಎಲ್ಲ ಕಡೆ ನಡೆಯುತ್ತದೆ. ‘ವಿ ಆರ್ ನೀಡಿಂಗ್ ಟೆನ್ ಪಿಕರ್ಸ್’ ಕೂಡ ಬೇಡ. ಕೊಯ್ಲಿಗೆ ಹತ್ತು ಆಳು ಬೇಕು ಅನ್ನುವುದು ಒಂದು ಸ್ಥಿತಿ, ‘ವಿ ನೀಡ್ ಟೆನ್ ಪಿಕರ್ಸ್’ ಸಾಕು.

ಇನ್ನೊಂದು ಉಪಯುಕ್ತ ರಚನೆ: ‘ದ ಪಲ್ಪರ್ ನೀಡ್ಸ್ ಕ್ಲೀನಿಂಗ್’. ಪಲ್ಪರ್ ತೊಳೆಯಬೇಕು. ಯಾರು ತೊಳೆಯಬೇಕು ಎಂದು ಕನ್ನಡದಲ್ಲೂ ಹೇಳಿಲ್ಲ, ಇಂಗ್ಲಿಷಿನಲ್ಲೂ ಇಲ್ಲ. ‘ನೀಡ್ಸ್ ಟು ಬಿ ಕ್ಲೀನ್ಡ್’ ಅಂದರೂ ಅದೇ ಅರ್ಥ. ‘ನೀಡ್ಸ್ ಟು ಕ್ಲೀನ್’ ಅಂದರೆ ಮಾತ್ರ ಪಲ್ಪರೇ ಎದ್ದು ಏನನ್ನೋ ತೊಳೆಯಬೇಕಾಗುತ್ತದೆ. ಬೇಲಿ, ಮೋಟರ್, ಸೂರಿನ ಹಂಚು, ಸ್ಪ್ರೇಯರ್ ಎಲ್ಲದರ ರಿಪೇರಿ ಪಟ್ಟಿಗೂ ಈ ಒಂದು ಅಚ್ಚು ಸಾಲುತ್ತದೆ.

ನೀಡ್‌ನ ಭೂತಕಾಲದಲ್ಲಿ ಇಂಗ್ಲಿಷ್ ಮಾಡುವ ಒಂದು ಸೂಕ್ಷ್ಮ ಭೇದ ಕನ್ನಡದ ಒಂದೇ ರೂಪದಲ್ಲಿ ಅಡಗಿದೆ. ಜನವರಿಯ ಒಂದು ಸಂಜೆ ಮೋಡ ಕವಿಯಿತು. ಕಣದಲ್ಲಿ ಒಣಗಲು ಹರಡಿದ್ದ ಚೆರಿಯನ್ನು (ಕಾಫಿ ಹಣ್ಣನ್ನು) ರಾಶಿ ಮಾಡಿ ಟಾರ್ಪಾಲ್ ಹೊದೆಸಿದಿರಿ. ಮಳೆ ಬರಲೇ ಇಲ್ಲ. ಆಗ ‘ಯು ನೀಡಂಟ್ ಹ್ಯಾವ್ ಕವರ್ಡ್ ದ ಕಾಫಿ’: ಹೊದೆಸಿದ್ದೂ ಆಯಿತು, ಅದು ವ್ಯರ್ಥವೂ ಆಯಿತು. ‘ಯು ಡಿಡಂಟ್ ನೀಡ್ ಟು ಕವರ್ ದ ಕಾಫಿ’ ಅಂದರೆ ಹೊದೆಸುವ ಅಗತ್ಯವಿರಲಿಲ್ಲ ಅಷ್ಟೆ, ಹೊದೆಸಿದರೋ ಬಿಟ್ಟರೋ ಅದು ಹೇಳುವುದಿಲ್ಲ. ಕನ್ನಡದಲ್ಲಿ ಎರಡಕ್ಕೂ ‘ಹೊದೆಸಬೇಕಾಗಿರಲಿಲ್ಲ’. ಮೊದಲ ರೂಪ ಈಗ ಬ್ರಿಟಿಷ್ ಇಂಗ್ಲಿಷಿನಲ್ಲೇ ಹೆಚ್ಚು ಕಾಣುತ್ತದೆ, ಆದರೂ ಓದುವಾಗ ಗುರುತು ಹಿಡಿಯಲು ಬರಬೇಕು.

ಮಸ್ಟ್ ಮತ್ತು ಹ್ಯಾವ್ ಟು ನಡುವಿನ ವ್ಯತ್ಯಾಸವನ್ನು ವ್ಯಾಕರಣ ಪುಸ್ತಕಗಳು ಹೀಗೆ ಹೇಳುತ್ತವೆ: ಹೇಳುವವರ ಸ್ವಂತ ಒತ್ತಾಯವಾದರೆ ಮಸ್ಟ್, ಹೊರಗಿನ ನಿಯಮ ಅಥವಾ ಪರಿಸ್ಥಿತಿಯಾದರೆ ಹ್ಯಾವ್ ಟು. ಇದು ಪೂರ್ತಿ ಗೆರೆ ಕೊರೆದ ನಿಯಮವಲ್ಲ, ಆದರೆ ಉಪಯೋಗಕ್ಕೆ ಬರುತ್ತದೆ. ಊಟಕ್ಕೆ ಕೂತ ಅತಿಥಿಗೆ ಕೊಡಗಿನ ಹಂದಿಮಾಂಸದ ಅಡುಗೆ ತೋರಿಸಿ ‘ಯು ಮಸ್ಟ್ ಟ್ರೈ ದ ಪಂದಿ ಕರಿ’ ಅನ್ನುವುದು ಸೊಗಸಾದ ಇಂಗ್ಲಿಷ್. ಅದು ಅಪ್ಪಣೆಯಲ್ಲ, ಉಪಚಾರ. ‘ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಜೊತೆ ತಿನ್ನಲೇಬೇಕು’ ಅನ್ನುವ ನಮ್ಮ ‘ಲೇಬೇಕು’ ಇದ್ದ ಹಾಗೆ. ಕೇಳುವವರಿಗೆ ಲಾಭವಿರುವ ಕೆಲಸಕ್ಕೆ ಮಸ್ಟ್ ಹಾಕಿದರೆ ಅಕ್ಕರೆ, ಹೇಳುವವರಿಗೆ ಲಾಭವಿರುವ ಕೆಲಸಕ್ಕೆ ಹಾಕಿದರೆ ದರ್ಪ. ‘ಯು ಮಸ್ಟ್ ಸೆಂಡ್ ದ ಸ್ಯಾಂಪಲ್ ರಿಪೋರ್ಟ್ ಬೈ ಫ್ರೈಡೇ’ ಎಂದು ವ್ಯಾಪಾರಿಗೆ ಬರೆದರೆ ಸಂಬಂಧ ಕೆಡುತ್ತದೆ. ‘ವಿ ನೀಡ್ ದ ರಿಪೋರ್ಟ್ ಬೈ ಫ್ರೈಡೇ’ ಅನ್ನಿ, ಅಥವಾ ‘ಕುಡ್ ಯು’ ಎಂದು ಶುರುಮಾಡಿ.

ಈ ತಪ್ಪಿಗೆ ನಮ್ಮ ಪತ್ರಗಳ ಭಾಷೆಯೇ ಕಾರಣ. ‘ದಯಮಾಡಿ ಕಳುಹಿಸಿಕೊಡಬೇಕು’, ‘ತಾವು ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಬೇಕಾಗಿ ಕೋರುತ್ತೇವೆ’ ಎಂಬಲ್ಲಿ ಬೇಕು ತುಂಬು ವಿನಯದ್ದು. ಮೇಲಧಿಕಾರಿಗೆ ರಜೆ ಅರ್ಜಿ ಬರೆಯುವಾಗ ‘ರಜೆ ಮಂಜೂರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ’ ಅನ್ನುತ್ತೇವೆ. ಆ ಬೇಕು ಮಸ್ಟ್ ಆಗಿಬಿಟ್ಟರೆ ಅರ್ಜಿ ತಾಕೀತಾಗುತ್ತದೆ. ಕನ್ನಡದ ಬೇಕು ಜೊತೆಗೆ ‘ದಯಮಾಡಿ’, ‘ಕೋರುತ್ತೇವೆ’, ‘ವಿನಂತಿ’ ಇದ್ದರೆ ಇಂಗ್ಲಿಷಿನಲ್ಲಿ ಅದಕ್ಕೆ ಮಸ್ಟ್ ಬೇಡವೇ ಬೇಡ.

ಬಳಕೆಯ ಲೆಕ್ಕವೂ ಇದೇ ಕಡೆಗಿದೆ. 1961ರ ಮತ್ತು 1991ರ ಅಚ್ಚಾದ ಬ್ರಿಟಿಷ್ ಇಂಗ್ಲಿಷಿನಿಂದ ಹತ್ತತ್ತು ಲಕ್ಷ ಪದಗಳ ಎರಡು ಸಂಗ್ರಹಗಳಿವೆ. ಅವನ್ನು ಹೋಲಿಸಿದ ಭಾಷಾವಿಜ್ಞಾನಿಗಳು ಮಸ್ಟ್ ಸ್ಪಷ್ಟವಾಗಿ ಇಳಿದಿರುವುದನ್ನೂ, ‘ನೀಡ್ ಟು’ ಏರಿರುವುದನ್ನೂ ಕಂಡರು. ಅಪ್ಪಣೆಯ ಧ್ವನಿ ಜನರಿಗೆ ಹಿಡಿಸದಂತಾಗುತ್ತಿದೆ. ನಿಯಮ, ಟೆಂಡರ್, ತಾಂತ್ರಿಕ ದಾಖಲೆಗಳಲ್ಲಿ ಮಾತ್ರ ಅದು ಗಟ್ಟಿಯಾಗಿ ನಿಂತಿದೆ. ಇಂಟರ್‌ನೆಟ್ಟಿನ ತಾಂತ್ರಿಕ ನಿಯಮಗಳಿಗಾಗಿ 1997ರಲ್ಲಿ ಬಂದ ಆರ್‌ಎಫ್‌ಸಿ 2119 ಎಂಬ ದಾಖಲೆ ಮಸ್ಟ್ ಅಂದರೆ ವಿನಾಯಿತಿಯಿಲ್ಲದ ಕಡ್ಡಾಯ, ಶುಡ್ ಅಂದರೆ ತಕ್ಕ ಕಾರಣವಿದ್ದರೆ ಬಿಡಬಹುದಾದದ್ದು ಎಂದು ಬಿಡಿಸಿ ಬರೆದಿಟ್ಟಿದೆ.

ಬೋರ್ಡು ಬರೆಸುವವರಿಗೆ ಒಂದು ಮಾತು. ‘ದ ಗೇಟ್ ಮಸ್ಟ್ ಬಿ ಲಾಕ್ಡ್’ ಎಂಬುದಕ್ಕೆ ಎರಡು ಅರ್ಥ: ಗೇಟಿಗೆ ಬೀಗ ಹಾಕಬೇಕು ಎಂಬ ನಿಯಮ, ಅಥವಾ ಯಾರೋ ಗೇಟಿಗೆ ಬೀಗ ಹಾಕಿರಬೇಕು ಎಂಬ ಊಹೆ. ‘ಮಸ್ಟ್ ಬಿ ಕೆಪ್ಟ್ ಲಾಕ್ಡ್’ ಎಂದು ಒಂದು ಪದ ಸೇರಿಸಿದರೆ ಊಹೆಯ ಅರ್ಥ ಉದುರಿಹೋಗುತ್ತದೆ. ಲಂಡನ್ನಿನ ಸುರಂಗ ರೈಲಿನ ಎಸ್ಕಲೇಟರ್‌ಗಳ ಬಳಿ ‘ಡಾಗ್ಸ್ ಮಸ್ಟ್ ಬಿ ಕ್ಯಾರೀಡ್’ ಎಂಬ ಹೆಸರುವಾಸಿ ಫಲಕವಿದೆ. ನಾಯಿ ತಂದಿದ್ದರೆ ಎತ್ತಿಕೊಳ್ಳಿ ಎಂಬುದು ಉದ್ದೇಶ. ಅಕ್ಷರಕ್ಕೆ ಅಕ್ಷರ ಓದಿದರೆ ಪ್ರತಿಯೊಬ್ಬರೂ ಒಂದು ನಾಯಿ ಎತ್ತಿಕೊಂಡೇ ಹತ್ತಬೇಕು. ‘ಇಫ್ ಯು ಹ್ಯಾವ್ ಎ ಡಾಗ್’ ಎಂದು ಷರತ್ತನ್ನು ಮೊದಲಿಟ್ಟು ಬರೆದರೆ ಇಂಥ ಗೊಂದಲ ಬರುವುದಿಲ್ಲ.

ಉಚ್ಚಾರಣೆ. ‘ಮಸ್ಟಂಟ್’ ಎಂದು ಬರೆದರೂ ಒಳಗಿನ ಮೊದಲ ಟಕಾರ ಬಾಯಲ್ಲಿ ಬರುವುದಿಲ್ಲ, ‘ಮಸಂಟ್’ ಎಂದು ಹೇಳುತ್ತಾರೆ. ವ್ಯಂಜನದ ಮುಂದೆ ಮಸ್ಟ್‌ನ ಕೊನೆಯ ಟಕಾರವೂ ಬಿದ್ದು ‘ಮಸ್ ಗೋ’ ಎಂದಾಗುತ್ತದೆ. ‘ಹ್ಯಾವ್ ಟು’ ಎಂಬಲ್ಲಿ ವಕಾರ ಫಕಾರವಾಗಿ ‘ಹ್ಯಾಫ್ಟು’, ‘ಹ್ಯಾಸ್ ಟು’ ಕೂಡಿ ‘ಹ್ಯಾಸ್ಟು’. ಫೋನಿನಲ್ಲಿ ‘ಯು ಮಸಂಟ್ ಪೇ ನೌ’ ಎಂದು ಕೇಳಿಸಿದಾಗ ಈಗ ದುಡ್ಡು ಹಾಕಬಾರದು ಎಂದರೋ, ಹಾಕಲೇಬೇಕು ಎಂದರೋ ಎಂಬ ಅನುಮಾನ ಬಂದರೆ ಸಂಕೋಚಪಡಬೇಡಿ. ‘ಸೋ ಐ ಶುಡಂಟ್ ಪೇ ಟುಡೇ?’ ಎಂದು ಬೇರೆ ಪದದಲ್ಲಿ ತಿರುಗಿಸಿ ಕೇಳಿ, ಆಮೇಲೆ ಹಣ ಕಳಿಸಿ.